ಕಾಯಿಲೋವರ್ ಹಾಕಿಸುವ ಮುನ್ನ ಹಾಕಬೇಕಾದ ಲೆಕ್ಕ

ಗಾಡಿಗೆ ಕಾಯಿಲೋವರ್ (ಎತ್ತರ ಬದಲಿಸಬಹುದಾದ ಶಾಕ್-ಸ್ಪ್ರಿಂಗ್ ಜೋಡಣೆ) ಹಾಕಿಸಬೇಕು ಎಂದು ಗ್ಯಾರೇಜಿಗೆ ಹೋದರೆ ಮೊದಲು ಬರುವ ಪ್ರಶ್ನೆ ‘ಎಷ್ಟ ಇಂಚ ಇಳಸೋಣ್ರಿ ಸರ?’ ನಮ್ಮ ಭಾಗದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ: ಇಳಿಸಿದ ಮೇಲೆ ಚಕ್ರ ಮೇಲಕ್ಕೆ ಆಡಲು ಎಷ್ಟು ಮಿಲಿಮೀಟರ್ ಉಳಿಯುತ್ತದೆ? ಬೆಳಗಾವಿಯಿಂದ ಕೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಎನ್‌ಎಚ್ 48 ಹಿಡಿದು ಹೋಗುವಾಗ ಇದು ನೆನಪಾಗುವುದಿಲ್ಲ. ಹೆದ್ದಾರಿ ಬಿಟ್ಟು ಊರ ದಾರಿಗೆ ತಿರುಗಿದ ಕೂಡಲೇ ಕಬ್ಬಿನ ಟ್ರೇಲರುಗಳು ಜಗ್ಗಿಸಿದ ಡಾಂಬರು, ಮುರಂ ಸುರಿದು ಮುಚ್ಚಿದ ತಗ್ಗು, ಬಣ್ಣ ಕಾಣದ ಹಂಪ್ ಒಂದರ ಹಿಂದೆ ಒಂದು ಬರುತ್ತವೆ. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಲೆಕ್ಕದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಊರವರೇ ನಿಂತು ಹಾಕಿಸಿದ ಹಂಪಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಕಾಯಿಲೋವರ್ ಎಂದರೆ ಶಾಕ್ ಅಬ್ಸಾರ್ಬರಿನ ಮೈಮೇಲೆಯೇ ಸ್ಪ್ರಿಂಗ್ ಕೂತಿರುವ ಜೋಡಣೆ. ಮೈಗೆ ಥ್ರೆಡ್ ಇರುತ್ತದೆ, ಸ್ಪ್ರಿಂಗಿನ ಕೆಳತಟ್ಟೆಯನ್ನು ತಿರುಗಿಸಿ ಎತ್ತರ ಬದಲಿಸಬಹುದು. ಸ್ವಿಫ್ಟ್, ಪೋಲೊ, ಐ20ಯಂಥ ಗಾಡಿಗಳಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್, ಸ್ಪ್ರಿಂಗ್ ಒಂದೇ ಕಂಬದಲ್ಲಿ), ಹಿಂದೆ ಟಾರ್ಶನ್ ಬೀಮ್ (ಎರಡೂ ಚಕ್ರ ಸೇರಿಸುವ ಒಂದೇ ತೊಲೆ). ಅವುಗಳ ಕಿಟ್‌ನಲ್ಲಿ ಹಿಂದಿನದು ಸಾಮಾನ್ಯವಾಗಿ ನಿಜವಾದ ಕಾಯಿಲೋವರ್ ಆಗಿರುವುದಿಲ್ಲ. ಸ್ಪ್ರಿಂಗ್ ಬೇರೆ, ಶಾಕ್ ಬೇರೆ, ಸ್ಪ್ರಿಂಗಿನ ಕೆಳಗೋ ಮೇಲೋ ಎತ್ತರ ಬದಲಿಸುವ ಒಂದು ತಟ್ಟೆ, ಅಷ್ಟೇ.

ಮೊದಲು ಇರುವ ಗಾಡಿ

60–70 ಸಾವಿರ ಕಿ.ಮೀ. ಓಡಿದ ಗಾಡಿ ತಿರುವಿನಲ್ಲಿ ತೇಲಾಡಿದರೆ ಸ್ಪ್ರಿಂಗ್ ಮೆತ್ತಗಿದೆ ಎಂದು ತೀರ್ಮಾನಿಸಬೇಡಿ. ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್, ಹಿಂದಿನ ಬೀಮ್ ಬುಷ್, ಈ ಐದನ್ನು ಜಾಕ್ ಮೇಲೆ ಎತ್ತಿ ಪ್ರೈ ಬಾರ್ ಹಾಕಿ ಅಲ್ಲಾಡಿಸಿ ನೋಡಿಸಿ. ಸವೆದ ಬುಷ್ ಮೇಲೆ ಬಿಗಿಯಾದ ಸ್ಪ್ರಿಂಗ್ ಕೂರಿಸಿದರೆ ಸವೆತ ಇನ್ನೂ ಬೇಗ ಆಗುತ್ತದೆ, ಸದ್ದಿಗೆಲ್ಲ ಹೊಸ ಕಿಟ್ ಬೈಸಿಕೊಳ್ಳುತ್ತದೆ. ಟಯರ್ ಐದಾರು ವರ್ಷ ಹಳೆಯದಾಗಿ ರಬ್ಬರ್ ಗಟ್ಟಿಯಾಗಿದ್ದರೆ ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ದಿನವೂ ನಾಲ್ಕೈದು ಜನ ಕೂತು ಓಡಾಡುವ, ವಾರದಲ್ಲಿ ಎರಡು ಸಲ ಹೊಲದ ದಾರಿಗೆ ಇಳಿಯುವ ಗಾಡಿಗೆ ಕಾಯಿಲೋವರೇ ಬೇಡ ಎಂಬುದು ನೇರ ಸಲಹೆ. ಕಂಪನಿ ಉದ್ದದ ಒಳ್ಳೆಯ ಶಾಕ್, ಉದಾಹರಣೆಗೆ ಬಿಲ್‌ಸ್ಟೈನ್ ಬಿ6, ಜೊತೆಗೆ ಹೊಸ ಬುಷ್, ಒಳ್ಳೆ ಟಯರ್ ಹಾಕಿದರೆ ಗಾಡಿಯ ಹಿಡಿತ ಎದ್ದು ಕಾಣುವಷ್ಟು ಬದಲಾಗುತ್ತದೆ, ಎತ್ತರವೂ ಉಳಿಯುತ್ತದೆ.

ವೇ ಬ್ರಿಜ್‌ಗೆ ಹೋಗಿ

ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಎಂಬುದು ಗಾಡಿಯ ತೂಕದಿಂದ ಬರುತ್ತದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ವೇ ಬ್ರಿಜ್ ಹುಡುಕಿಕೊಂಡು ಅಲೆಯಬೇಕಾಗಿಲ್ಲ, ಸಕ್ಕರೆ ಕಾರ್ಖಾನೆ ಇರುವ ಕಡೆಯೆಲ್ಲ ಇವೆ. ನೆಲಮಟ್ಟದ ಕಾಟಾ ಆರಿಸಿ. ಏರಿ ಹತ್ತುವಂಥದ್ದಾದರೆ ಗಾಡಿ ವಾಲಿ ತೂಕ ಆಚೀಚೆ ಆಗುತ್ತದೆ. ಅರ್ಧ ಟ್ಯಾಂಕ್ ಪೆಟ್ರೋಲ್, ಚಾಲಕ ಒಳಗೆ. ಮೊದಲು ಮುಂದಿನ ಎರಡು ಚಕ್ರ ಮಾತ್ರ ಕಾಟಾ ಮೇಲೆ, ಆಮೇಲೆ ಪೂರ್ತಿ ಗಾಡಿ. ಎರಡು ಚೀಟಿ ಸಾಕು.

ಒಂದು ಸಣ್ಣ ಹ್ಯಾಚ್‌ಬ್ಯಾಕ್ ಹೀಗೆ ತೂಗಿದರೆ 980 ಕೆ.ಜಿ., ಅದರಲ್ಲಿ ಮುಂದೆ 590 ಬಂತು ಎನ್ನೋಣ. ಮುಂದಿನ ಒಂದು ಮೂಲೆಗೆ 295. ಚಕ್ರ, ಬ್ರೇಕ್, ಹಬ್ ಇವುಗಳ ತೂಕ ಸ್ಪ್ರಿಂಗಿನ ಮೇಲೆ ಬೀಳುವುದಿಲ್ಲ, ಅದಕ್ಕೆ 35 ಕಳೆಯಿರಿ. ಉಳಿದದ್ದು 260 ಕೆ.ಜಿ.

ಇನ್ನು ಗಾಡಿ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಎಷ್ಟು ಸಲ (ಇದೇ ಹರ್ಟ್ಸ್) ಮೇಲೆ-ಕೆಳಗೆ ತೂಗಾಡಬೇಕು ಎಂಬುದನ್ನು ನೀವು ನಿರ್ಧರಿಸಬೇಕು. ಕಂಪನಿಯಿಂದ ಬಂದ ಕಾರುಗಳು ಹೆಚ್ಚಾಗಿ 1.0ರಿಂದ 1.5 ಹರ್ಟ್ಸ್. ರಸ್ತೆಯ ಸ್ಪೋರ್ಟಿ ಸೆಟಪ್ 1.5ರಿಂದ 2.0. ಅದರ ಮೇಲಿನದು ಟ್ರ್ಯಾಕಿಗೆ. ಸೂತ್ರ ಸುಲಭ: ಹರ್ಟ್ಸ್‌ನ ವರ್ಗ × ಮೂಲೆಯ ತೂಕ × 0.00402. ಉತ್ತರ ಕೆ.ಜಿ./ಮಿ.ಮೀ.ನಲ್ಲಿ ಬರುತ್ತದೆ, ಅಂದರೆ ಒಂದು ಮಿ.ಮೀ. ಕುಗ್ಗಿಸಲು ಎಷ್ಟು ಕೆ.ಜಿ. ಬೇಕು ಎಂದು; ಮುಂದೆ ಸ್ಪ್ರಿಂಗಿಗೆ ಬರೀ ಕೆ.ಜಿ. ಎಂದರೂ ಇದೇ ಅರ್ಥ. 1.6 ಹರ್ಟ್ಸ್ ಬೇಕಾದರೆ 2.56 × 260 × 0.00402 = 2.68. ಇದು ಚಕ್ರದ ಹತ್ತಿರದ ಬಿಗಿ. ಮ್ಯಾಕ್‌ಫರ್ಸನ್‌ನಲ್ಲಿ ಚಕ್ರ 100 ಮಿ.ಮೀ. ಎದ್ದರೆ ಸ್ಟ್ರಟ್ ಸುಮಾರು 95 ಮಿ.ಮೀ. ಒತ್ತುತ್ತದೆ, ಆದ್ದರಿಂದ 0.95ರ ವರ್ಗವಾದ 0.9ರಿಂದ ಭಾಗಿಸಿ. ಸ್ಪ್ರಿಂಗ್ 3 ಕೆ.ಜಿ./ಮಿ.ಮೀ. ಬರುತ್ತದೆ. ಇದೇ ಲೆಕ್ಕದಲ್ಲಿ 4 ಕೆ.ಜಿ. ಸ್ಪ್ರಿಂಗ್ 1.86 ಹರ್ಟ್ಸ್ ಕೊಡುತ್ತದೆ, 6 ಕೆ.ಜಿ.ಯದು 2.27. ಅಂದರೆ ‘ಸ್ಟ್ರೀಟ್ ಕಿಟ್’ ಎಂದು ಮಾರುವ 6 ಕೆ.ಜಿ. ಸ್ಪ್ರಿಂಗ್ ಇಷ್ಟು ಹಗುರ ಗಾಡಿಗೆ ಟ್ರ್ಯಾಕಿನ ಬಿಗಿ. ಅದೇ ಸ್ಪ್ರಿಂಗ್ ಭಾರದ ಡೀಸೆಲ್ ಸೆಡಾನ್‌ಗೆ ಸರಿಹೋಗಬಹುದು. ಗೆಳೆಯನ ಗಾಡಿಯಲ್ಲಿ ಚೆನ್ನಾಗಿತ್ತು ಎಂಬ ಮಾತಿಗೆ ಇಲ್ಲಿ ಬೆಲೆ ಕಡಿಮೆ.

ಹಾಗಾದರೆ 3 ಕೆ.ಜಿ.ಯದನ್ನೇ ತಂದರಾಯಿತಲ್ಲ ಎಂದರೆ, ಸ್ಟ್ರೋಕ್, ಅಂದರೆ ಶಾಕ್ ಒಳಹೊರಗೆ ಆಡುವ ಒಟ್ಟು ಉದ್ದ, ಅಡ್ಡ ಬರುತ್ತದೆ. 260 ಕೆ.ಜಿ. ಮೂಲೆಯ ಸ್ಪ್ರಿಂಗ್ ಮೇಲೆ ಸುಮಾರು 274 ಕೆ.ಜಿ. ಒತ್ತಡ ಬೀಳುತ್ತದೆ. 3 ಕೆ.ಜಿ.ಯ ಸ್ಪ್ರಿಂಗ್ ಅದಕ್ಕೆ 91 ಮಿ.ಮೀ. ಕುಗ್ಗುತ್ತದೆ, 4 ಕೆ.ಜಿ.ಯದು 68, 6 ಕೆ.ಜಿ.ಯದು 46. ಶಾಕಿನ ಒಟ್ಟು ಸ್ಟ್ರೋಕ್ 130 ಮಿ.ಮೀ. ಇದ್ದರೆ, ಮೂರರ ಸ್ಪ್ರಿಂಗ್ ಹಾಕಿ ಗಾಡಿ ನೆಲಕ್ಕೆ ನಿಂತಾಗ ಬಂಪಿಗೆ (ಚಕ್ರ ಮೇಲಕ್ಕೆ ಆಡಲು) ಉಳಿಯುವುದು 39 ಮಿ.ಮೀ. ಮಾತ್ರ. ಅದರಲ್ಲಿ ಕೊನೆಯ ಹೊಡೆತ ತಡೆಯುವ ಮೆತ್ತೆಯಾದ ಬಂಪ್ ಸ್ಟಾಪ್ ಬೇರೆ ಜಾಗ ತಿನ್ನುತ್ತದೆ. ಮೆತ್ತನೆಯ ಸ್ಪ್ರಿಂಗ್ ಹಾಕಿಯೂ ಗಾಡಿ ಕಲ್ಲಿನಂತೆ ಕುಟ್ಟುವುದು ಹೀಗೆ. ನಾಲ್ಕರ ಸ್ಪ್ರಿಂಗ್, 5 ಮಿ.ಮೀ. ಪ್ರಿಲೋಡ್ (ಭಾರ ಬೀಳುವ ಮೊದಲೇ ಸ್ಪ್ರಿಂಗನ್ನು ಒತ್ತಿಡುವುದು) ಕೊಟ್ಟರೆ ಬಂಪಿಗೆ 67 ಉಳಿಯುತ್ತದೆ. ನಮ್ಮ ರಸ್ತೆಗಳಿಗೆ 60ಕ್ಕಿಂತ ಕಡಿಮೆ ಒಪ್ಪಬೇಡಿ. ಹಗುರ ಗಾಡಿಯ ಮುಂದೆ ಮೂರೂವರೆಯಿಂದ ನಾಲ್ಕೂವರೆ ಕೆ.ಜಿ. ನಡುವೆ ಆಯ್ಕೆ ನಿಲ್ಲುವುದು ಈ ಎರಡು ಲೆಕ್ಕಗಳ ಜಗ್ಗಾಟದಿಂದ.

ಪ್ರಿಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಒಂದೇ ಸಮನಾದ ಸುರುಳಿಯ ಸ್ಪ್ರಿಂಗಿನಲ್ಲಿ ಹಾಗಾಗುವುದಿಲ್ಲ. ಗಾಡಿ ಎತ್ತರವಾಗುತ್ತದೆ, ಬಂಪ್ ಜಾಗ ಹೆಚ್ಚುತ್ತದೆ, ಚಕ್ರ ಕೆಳಗಿಳಿಯುವ ಜಾಗ ಅಷ್ಟೇ ಕಡಿಮೆಯಾಗುತ್ತದೆ.

ಹಿಂದಿನ ಚಕ್ರಗಳ ಲೆಕ್ಕದಲ್ಲಿ ಕುಟುಂಬವನ್ನೂ ಕೂರಿಸಿ. ಅದೇ ಗಾಡಿಯ ಹಿಂದಿನ ಮೂಲೆ, ಚಕ್ರದ ತೂಕ ಕಳೆದು, 170 ಕೆ.ಜಿ. ಹಿಂದಿನ ಚಕ್ರ ಅದೇ ಹಂಪನ್ನು ಸ್ವಲ್ಪ ತಡವಾಗಿ ಹತ್ತುತ್ತದೆ, ಆದ್ದರಿಂದ ಹಿಂದೆ ಮುಂದಿಗಿಂತ ತುಸು ಚುರುಕಾಗಿ ತೂಗಿದರೆ ಗಾಡಿ ಮೂತಿ-ಬಾಲ ಎತ್ತಿಹಾಕದೆ ಸಮನಾಗಿ ನಿಲ್ಲುತ್ತದೆ. ಮುಂದೆ 1.6 ಇಟ್ಟವರು ಹಿಂದೆ 1.8 ಇಡಲಿ: ಚಕ್ರದಲ್ಲಿ 2.2 ಕೆ.ಜಿ./ಮಿ.ಮೀ. ಮುಂದೆ ನಾಲ್ಕರ ಸ್ಪ್ರಿಂಗ್ ಆದರೆ ಹಿಂದೆಯೂ 1.9ರಿಂದ 2ಕ್ಕೆ ಏರಿಸಬೇಕು. ಟಾರ್ಶನ್ ಬೀಮಿನಲ್ಲಿ ಸ್ಪ್ರಿಂಗ್ ಎಲ್ಲಿ ಕೂತಿದೆ ಎಂದು ಟೇಪ್ ಹಿಡಿದು ಅಳೆಯಿರಿ. ಬೀಮ್ ಬುಷ್‌ನಿಂದ ಸ್ಪ್ರಿಂಗಿಗಿರುವ ದೂರವನ್ನು ಬುಷ್‌ನಿಂದ ಚಕ್ರದ ನಡುವಿಗಿರುವ ದೂರದಿಂದ ಭಾಗಿಸಿ. 0.8 ಬಂದರೆ ಅದರ ವರ್ಗ 0.64, 2.2ನ್ನು ಅದರಿಂದ ಭಾಗಿಸಿದಾಗ ಸ್ಪ್ರಿಂಗ್ 3.4 ಆಗುತ್ತದೆ. ಈಗ ಹಿಂದಿನ ಸೀಟಿಗೆ ಇಬ್ಬರು, ಡಿಕ್ಕಿಗೆ ಸಾಮಾನು ಹಾಕಿ ಹಿಂದಿನ ಪ್ರತಿ ಮೂಲೆಗೆ 80 ಕೆ.ಜಿ. ಹೆಚ್ಚಾಯಿತು ಎಂದರೆ ಗಾಡಿ ಹಿಂದೆ 36 ಮಿ.ಮೀ. ಕೂರುತ್ತದೆ. ಮೊದಲೇ 40 ಮಿ.ಮೀ. ಇಳಿಸಿಟ್ಟವರಿಗೆ ಉಳಿದದ್ದೆಷ್ಟು ಎಂದು ಹೇಳಬೇಕಾಗಿಲ್ಲ. ಹಿಂದೆ 20 ಮಿ.ಮೀ.ಗಿಂತ ಹೆಚ್ಚು ಇಳಿಸಬೇಡಿ.

ಮುಂದೆಯೂ ಅಷ್ಟೇ, 25ರ ಆಸುಪಾಸಿನಲ್ಲಿ ನಿಲ್ಲಿಸಿ. ಕಾರಣ ನೆಲ ತಾಗುವುದೊಂದೇ ಅಲ್ಲ. ಮ್ಯಾಕ್‌ಫರ್ಸನ್‌ನಲ್ಲಿ ಲೋವರ್ ಆರ್ಮ್ ಹೊರತುದಿ ಒಳತುದಿಗಿಂತ ಮೇಲೆ ಹೋಯಿತೆಂದರೆ ರೋಲ್ ಸೆಂಟರ್ (ತಿರುವಿನಲ್ಲಿ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಗಾಡಿಯ ಭಾರಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಆಗ ತಿರುವಿನಲ್ಲಿ ವಾಲಿಸುವ ಬಲ ಹೆಚ್ಚುತ್ತದೆ. ಇಳಿಸಿದ್ದು ವಾಲಬಾರದೆಂದು, ಆಗುವುದು ತದ್ವಿರುದ್ಧ. ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಕೋನ ಕೆಟ್ಟು ತಗ್ಗಿಗೆ ಬಿದ್ದಾಗಲೆಲ್ಲ ಸ್ಟೇರಿಂಗ್ ತಾನಾಗಿ ಎಳೆಯುವುದು ಇದರ ಜೊತೆಗೇ ಬರುವ ತೊಂದರೆ.

ಮೊನೊಟ್ಯೂಬೋ ಟ್ವಿನ್‌ಟ್ಯೂಬೋ

ಮೊನೊಟ್ಯೂಬ್ ಶಾಕಿನಲ್ಲಿ ಒಂದೇ ಕೊಳವೆ, ಒಳಗೆ ದೊಡ್ಡ ಪಿಸ್ಟನ್, ಹೆಚ್ಚಿನ ಒತ್ತಡದ ನೈಟ್ರೋಜನ್, ಎಣ್ಣೆಗೂ ಗ್ಯಾಸಿಗೂ ನಡುವೆ ತೇಲುವ ಇನ್ನೊಂದು ಪಿಸ್ಟನ್. ಎಣ್ಣೆ ನೊರೆಯಾಗುವುದಿಲ್ಲ, ಶಾಖ ನೇರ ಹೊರಗೆ ಹೋಗುತ್ತದೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವವರಿಗೆ, ವಿಜಯಪುರದ ಏಪ್ರಿಲ್-ಮೇ ಬಿಸಿಲಲ್ಲಿ ಹಾಳು ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ ಇದು ಲಾಭ. ಆದರೆ ಚಿಮ್ಮಿದ ಜಲ್ಲಿ ಆ ಕೊಳವೆಗೆ ಬಡಿದು ತಗ್ಗು ಬಿದ್ದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟ್ವಿನ್‌ಟ್ಯೂಬಿನ ಹೊರಕೊಳವೆ ಜಜ್ಜಿದರೂ ಒಳಗಿನದು ಕೆಲಸ ಮಾಡುತ್ತಿರುತ್ತದೆ, ಸಣ್ಣ ಏರಿಳಿತಗಳಲ್ಲಿ ಅದು ಮೃದುವೂ ಹೌದು. ಒಟ್ಟು ಉದ್ದ ಒಂದೇ ಇದ್ದರೆ ಟ್ವಿನ್‌ಟ್ಯೂಬಿಗೆ ಸ್ಟ್ರೋಕ್ ಹೆಚ್ಚು ಸಿಗುತ್ತದೆ, ಏಕೆಂದರೆ ಗ್ಯಾಸಿನ ಕೋಣೆ ಪಿಸ್ಟನ್ನಿನ ಸಾಲಿನಲ್ಲಿ ಇರುವುದಿಲ್ಲ. ಊರಿನ ಓಡಾಟವೇ ಹೆಚ್ಚಿರುವವರು ಟ್ವಿನ್‌ಟ್ಯೂಬನ್ನು ಕೀಳೆಂದು ತಳ್ಳಬಾರದು.

ಹೆಸರುಗಳಲ್ಲಿ ಹೇಳುವುದಾದರೆ, ಬಿಲ್‌ಸ್ಟೈನ್ ಬಿ14 ಮೊನೊಟ್ಯೂಬ್, ಡ್ಯಾಂಪಿಂಗ್ (ತೂಗಾಟ ತಡೆಯುವ ಬಲ) ಬದಲಿಸುವ ತಿರುಪು ಇಲ್ಲ. ಕೆಡಬ್ಲ್ಯು ವೇರಿಯಂಟ್ 1ರಲ್ಲೂ ತಿರುಪಿಲ್ಲ, 2ರಲ್ಲಿ ರಿಬೌಂಡ್ (ಶಾಕ್ ಹಿಗ್ಗುವಾಗಿನ ತಡೆ) ಮಾತ್ರ, 3ರಲ್ಲಿ ರಿಬೌಂಡ್ ಮತ್ತು ಕಂಪ್ರೆಶನ್ (ಕುಗ್ಗುವಾಗಿನ ತಡೆ) ಬೇರೆಬೇರೆ. ಟೈನ್ ಫ್ಲೆಕ್ಸ್ ಝಡ್ ಟ್ವಿನ್‌ಟ್ಯೂಬ್, 16 ಹಂತ. ತೈವಾನಿನ ಬಿ.ಸಿ. ರೇಸಿಂಗ್‌ನ ಬಿಆರ್ ಸರಣಿ ಮೊನೊಟ್ಯೂಬ್, 30 ಕ್ಲಿಕ್. ಕ್ಲಿಕ್ಕುಗಳ ಸಂಖ್ಯೆ ನೋಡಿ ಮರುಳಾಗಬೇಡಿ. ಒಂದೇ ತಿರುಪಿರುವ ಕಿಟ್‌ಗಳಲ್ಲಿ ಅದು ಹೆಚ್ಚಾಗಿ ರಿಬೌಂಡನ್ನೇ ಬದಲಿಸುತ್ತದೆ, ಕೊನೆಯ ಕೆಲವು ಕ್ಲಿಕ್ಕುಗಳಲ್ಲಿ ಬದಲಾವಣೆ ಗೊತ್ತೇ ಆಗದಿರಬಹುದು. ಕಂಪನಿಯೇ ಸ್ಪ್ರಿಂಗಿಗೆ ಸರಿಹೊಂದಿಸಿ ಕೊಟ್ಟ, ತಿರುಪಿಲ್ಲದ ಶಾಕ್ ಬಹಳ ಜನರಿಗೆ ಸಾಕು.

ತಿರುಪಿಗಿಂತ ಹೆಚ್ಚು ಬೆಲೆ ಕೊಡಬೇಕಾದದ್ದು ಶಾಕಿನ ಬುಡವನ್ನು ಚಕ್ರದ ಕಡೆಗೆ ಹಿಡಿಯುವ ಕೆಳಬ್ರಾಕೆಟ್ಟಿಗೆ. ಕೆಲವು ಕಿಟ್‌ಗಳಲ್ಲಿ ಎತ್ತರ ಬದಲಿಸಲು ಸ್ಪ್ರಿಂಗಿನ ತಟ್ಟೆ ಮಾತ್ರ ಇರುತ್ತದೆ, ಗಾಡಿ ಇಳಿಸಿದಷ್ಟೂ ಬಂಪ್ ಜಾಗ ಹೋಗುತ್ತದೆ. ಕೆಳಬ್ರಾಕೆಟ್ ಪ್ರತ್ಯೇಕವಾಗಿ ಥ್ರೆಡ್ ಮೇಲೆ ಓಡುವ ಕಿಟ್‌ನಲ್ಲಿ ಸ್ಟ್ರೋಕ್ ಮುಟ್ಟದೆ ಎತ್ತರ ಬದಲಿಸಬಹುದು.

ಮೇಲ್ಗಡೆ ಪಿಲ್ಲೊಬಾಲ್ ಮೌಂಟ್ (ರಬ್ಬರಿನ ಬದಲು ಲೋಹದ ಗುಂಡಿನ ಜೋಡಣೆ) ಇರುವ ಕಿಟ್ ಇಲ್ಲಿ ಬೇಡ. ಸ್ಟೇರಿಂಗ್ ಚುರುಕಾಗುತ್ತದೆ ನಿಜ, ಧೂಳು ಹೊಕ್ಕ ಮೇಲೆ ಟಕ್‌ಟಕ್ ನಿಲ್ಲುವುದಿಲ್ಲ. ರಬ್ಬರ್ ಮೌಂಟ್ ಕೇಳಿ.

ಆರ್ಡರ್ ಕೊಡುವ ಮುನ್ನ ಮಾರುವವರಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ: ಮುಂದೆ-ಹಿಂದೆ ಸ್ಪ್ರಿಂಗಿನ ಬಿಗಿ, ಬಿಡಿ ಉದ್ದ, ಒಳವ್ಯಾಸ, ಶಾಕಿನ ಸ್ಟ್ರೋಕ್, ಬಂಪ್ ಸ್ಟಾಪ್ ಉದ್ದ, ಸೀಲ್ ಕಿಟ್ ಹಾಗೂ ಒಂದೇ ಬಿಡಿ ಶಾಕ್ ಸಿಗುತ್ತದೆಯೇ. ಒಳವ್ಯಾಸ 60, 62 ಅಥವಾ 65 ಮಿ.ಮೀ. ಇದ್ದರೆ ನಾಳೆ ಬೇರೆ ಬಿಗಿಯ ಸ್ಪ್ರಿಂಗ್ ಸುಲಭವಾಗಿ ಸಿಗುತ್ತದೆ. ಸ್ಪ್ರಿಂಗಿನ ಬಿಗಿ ಎಷ್ಟೆಂದು ಹೇಳಲಾಗದ ಅಂಗಡಿಯಿಂದ ಏನನ್ನೂ ಕೊಳ್ಳಬೇಡಿ.

ಕಾಗದಪತ್ರದ ವಿಷಯ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ನಿಮ್ಮ ಕಿಟ್ ಬಗ್ಗೆ ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ, ವಿಮಾ ಕಂಪನಿಗೂ ಬರೆದು ತಿಳಿಸಿ. ಮೂಲ ಸ್ಟ್ರಟ್, ಸ್ಪ್ರಿಂಗ್ ಮಾರಬೇಡಿ.

ಜೋಡಿಸುವ ದಿನ

ಬಿಚ್ಚುವ ಮುನ್ನ ನಾಲ್ಕೂ ಕಡೆ ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ಎಷ್ಟಿದೆ ಎಂದು ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟಯರ್ ಗಾಳಿ ಲೆಕ್ಕ ಕೆಡಿಸುತ್ತದೆ. ಸ್ಟ್ರಟ್ ಮತ್ತು ನಕಲ್ (ಚಕ್ರದ ಹಬ್ ಹಿಡಿದಿರುವ ಲೋಹದ ತುಂಡು) ಸೇರುವ ಬೋಲ್ಟಿನ ಜಾಗಕ್ಕೆ ಪೇಂಟ್ ಗುರುತು ಹಾಕಿ. ಎಬಿಎಸ್ ವೈರ್, ಬ್ರೇಕ್ ಹೋಸ್ ಎರಡನ್ನೂ ಬ್ರಾಕೆಟ್ಟಿನಿಂದ ಬಿಡಿಸಿದ ಮೇಲೆಯೇ ಸ್ಟ್ರಟ್ ಮುಟ್ಟಬೇಕು. ಸ್ಟ್ರಟ್ ಬಂದ ಕೂಡಲೇ ನಕಲ್ ಹೊರಗೆ ವಾಲುತ್ತದೆ. ಅದನ್ನು ತಂತಿಯಿಂದ ಕಟ್ಟಿಹಾಕದಿದ್ದರೆ ಡ್ರೈವ್ ಶಾಫ್ಟಿನ ಒಳಜಾಯಿಂಟ್ ಕಳಚಿಕೊಳ್ಳಬಹುದು. ಹಳೆಯ ಸ್ಪ್ರಿಂಗನ್ನು ಕಂಪ್ರೆಸರ್ ಇಲ್ಲದೆ ಬಿಚ್ಚಲು ಯಾರಿಗೂ ಬಿಡಬೇಡಿ, ಜೀವಕ್ಕೇ ಅಪಾಯ.

ಮೇಲಿನ ನಟ್ಟಿಗೆ ಏರ್ ಗನ್ ಬೇಡವೇ ಬೇಡ. ಗನ್ ಹಿಡಿದರೆ ಶಾಕಿನ ಕಡ್ಡಿಯೇ ಗಿರ್ರನೆ ತಿರುಗಿ ಒಳಗಿನ ಸೀಲ್ ಮತ್ತು ತಿರುಪಿನ ಸೂಜಿ ಹಾಳಾಗುತ್ತವೆ. ಕಡ್ಡಿಯ ತುದಿಗೆ ಅಲೆನ್ ಕೀ, ನಟ್ಟಿಗೆ ರಿಂಗ್ ಪಾನಾ, ಕೊನೆಗೆ ಟಾರ್ಕ್ ರೆಂಚ್. ಟಾರ್ಕಿನ ಅಂಕಿ ಕಿಟ್‌ನ ಹಾಳೆಯಲ್ಲೂ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲೂ ಇರುತ್ತದೆ, ಅಂದಾಜಿಗೆ ಬಿಗಿಯಬೇಡಿ. ಸೆಲ್ಫ್ ಲಾಕ್ ನಟ್ ಹಳೆಯದನ್ನು ಮತ್ತೆ ಹಾಕಬಾರದು.

ಥ್ರೆಡ್ಡಿಗೆ ತೆಳುವಾಗಿ ಆ್ಯಂಟಿಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಿ. ಸ್ಪ್ರಿಂಗ್ ಕೈಯಿಂದ ಆಡದಂತೆ ತಟ್ಟೆ ಮುಟ್ಟಿಸಿ, ಅಲ್ಲಿಂದ ಕಿಟ್ ಹೇಳಿದಷ್ಟು ಪ್ರಿಲೋಡ್ ಕೊಡಿ. ಟಯರಿಗೂ ಸ್ಪ್ರಿಂಗ್ ತಟ್ಟೆಗೂ ಕನಿಷ್ಠ 5 ಮಿ.ಮೀ. ಅಂತರ ಬೇಕು. ಶಾಕಿನ ಕಡ್ಡಿಗೆ ಬಂಪ್ ಸ್ಟಾಪ್ ಕೆಳಗೆ ಒಂದು ಜಿಪ್ ಟೈ ಬಿಗಿಯಾಗಿ ಕಟ್ಟಿ ಕೆಳತನಕ ಸರಿಸಿಡಿ. ಒಂದು ವಾರದ ಓಡಾಟದಲ್ಲಿ ಶಾಕ್ ಎಷ್ಟು ಮೇಲೆ ಹೋಯಿತೆಂದು ಅದು ತೋರಿಸುತ್ತದೆ. ಟೈ ಬಂಪ್ ಸ್ಟಾಪಿನೊಳಕ್ಕೆ ಒತ್ತಿಕೊಂಡಿದ್ದರೆ 10 ಮಿ.ಮೀ. ಎತ್ತರಿಸಿ.

ಲೋವರ್ ಆರ್ಮ್, ಬೀಮ್ ಮತ್ತು ಹಿಂದಿನ ಶಾಕಿನ ಕೆಳಬುಷ್ ಬೋಲ್ಟುಗಳನ್ನು ಗಾಡಿ ಎತ್ತಿ ಚಕ್ರ ನೇತಾಡುತ್ತಿರುವಾಗ ಬಿಗಿದರೆ ಬುಷ್ ಸದಾ ಮುರಿಗೆಯಲ್ಲೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಚಕ್ರ ನೆಲದ ಮೇಲೆ, ಪೂರ್ತಿ ಭಾರ ಬಿದ್ದಾಗ ಬಿಗಿಯಿರಿ.

ಅಲೈನ್‌ಮೆಂಟ್ ಅದೇ ದಿನ ಮಾಡಿಸಿದರೆ ದುಡ್ಡು ದಂಡ. 150–200 ಕಿ.ಮೀ. ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ಎತ್ತರ ಮತ್ತೆ ಅಳೆದು, ಎಡ-ಬಲ 3 ಮಿ.ಮೀ. ಒಳಗೆ ಸರಿಮಾಡಿ, ತಟ್ಟೆಯ ಲಾಕ್ ರಿಂಗ್ ಬಿಗಿದು, ಆಮೇಲೆ ಅಲೈನ್‌ಮೆಂಟ್. ಮುಂದೆ ಕ್ಯಾಂಬರ್ (ಚಕ್ರದ ತಲೆ ಒಳಗೋ ಹೊರಗೋ ವಾಲಿದ ಕೋನ) ಮೈನಸ್ 1ರಿಂದ ಮೈನಸ್ 1.5 ಡಿಗ್ರಿ, ಟೋ (ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರುವುದು) ಸೊನ್ನೆ. ಗಾಡಿಯ ಎತ್ತರ ಬದಲಾದರೆ ಟೋ ಬದಲಾಗುತ್ತದೆ, ಟಯರ್ ಒಳಅಂಚು ತಿಂದುಹಾಕುವುದು ಬಹುಮಟ್ಟಿಗೆ ಟೋದಿಂದ, ಕ್ಯಾಂಬರ್‌ನಿಂದಲ್ಲ. ಹೆಡ್‌ಲೈಟ್ ಮಟ್ಟವನ್ನೂ ಅಂದೇ ಸರಿಪಡಿಸಿ.

ತಿರುಪು

‘ಫುಲ್ ಟೈಟ್ ಮಾಡಿಕೊಡ್ರಿ’ ಎನ್ನುವವರು ಗಾಡಿಯನ್ನು ನಿಧಾನ ಮಾಡಿಸಿಕೊಂಡು ಹೋಗುತ್ತಾರೆ. ರಿಬೌಂಡ್ ಅತಿಯಾದರೆ ತಗ್ಗಿನ ಸಾಲಿನಲ್ಲಿ ಶಾಕ್ ಹಿಗ್ಗುವಷ್ಟರಲ್ಲಿ ಮುಂದಿನ ತಗ್ಗು ಬಂದಿರುತ್ತದೆ. ಗಾಡಿ ಹಂತಹಂತವಾಗಿ ಕುಸಿದು ಬಂಪ್ ಸ್ಟಾಪ್ ಮೇಲೆಯೇ ಓಡುತ್ತದೆ, ಚಕ್ರಕ್ಕೆ ನೆಲ ಸಿಗುವುದಿಲ್ಲ. ತಿರುಪನ್ನು ಪೂರ್ತಿ ಬಿಗಿಯ ತುದಿಗೆ ಮೆಲ್ಲಗೆ ತಂದು, ಅಲ್ಲಿಂದ ಬಿಚ್ಚುತ್ತ ಎಣಿಸಿ, ನಡುವಿನಲ್ಲಿ ನಿಲ್ಲಿಸಿ. ಒಂದೇ ರಸ್ತೆ, ಒಂದೇ ವೇಗ, ಒಂದು ಸಲಕ್ಕೆ ಎರಡು ಕ್ಲಿಕ್, ಮುಂದೆ ಅಥವಾ ಹಿಂದೆ ಯಾವುದಾದರೂ ಒಂದು. ಹಂಪ್ ದಾಟಿದ ಮೇಲೆ ಗಾಡಿ ಒಂದು ಸಲ ಎದ್ದು ನಿಂತರೆ ಸರಿ. ಎರಡನೆಯ ಸಲ ತೂಗಿದರೆ ರಿಬೌಂಡ್ ಕಡಿಮೆ, ಎರಡು ಕ್ಲಿಕ್ ಹೆಚ್ಚಿಸಿ.

ಎರೆಮಣ್ಣು ಮತ್ತು ಸದ್ದು

ವಿಜಯಪುರ, ಬಾಗಲಕೋಟೆಯ ಎರೆಮಣ್ಣು ಹಸಿ ಇದ್ದಾಗ ಥ್ರೆಡ್ಡಿಗೆ ಮೆತ್ತಿಕೊಂಡು ಒಣಗಿದ ಮೇಲೆ ಸಿಮೆಂಟಿನ ಹಾಗೆ ಹಿಡಿಯುತ್ತದೆ. ಹಾಗೇ ಸಿ-ಸ್ಪ್ಯಾನರ್ ಹಾಕಿ ಜಗ್ಗಿದರೆ ಅಲ್ಯೂಮಿನಿಯಂ ರಿಂಗಿನ ಹಲ್ಲು ಹೋಗುತ್ತದೆ. ಮೊದಲು ನೀರು ಬಿಟ್ಟು ನೆನೆಸಿ, ನೈಲಾನ್ ಬ್ರಷ್‌ನಿಂದ ತಿಕ್ಕಿ. ಪ್ರೆಶರ್ ವಾಶರನ್ನು ಸೀಲಿನ ಬಾಯಿಗೆ ಹಿಡಿಯಬೇಡಿ. ಥ್ರೆಡ್ಡಿಗೆ ಗ್ರೀಸ್ ಬಳಿದರೆ ಧೂಳು ಅಂಟುತ್ತದೆ, ಒಣಗುವ ವ್ಯಾಕ್ಸ್ ಸ್ಪ್ರೇ ವಾಸಿ. ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ರಿಂಗುಗಳನ್ನು ಬಿಚ್ಚಿ ಅರ್ಧ ಸುತ್ತು ಆಡಿಸಿ ಅದೇ ಜಾಗಕ್ಕೆ ತನ್ನಿ. ಖಾನಾಪುರ ಕಡೆಯ ಮಳೆಯಲ್ಲಿ ಓಡುವ ಗಾಡಿಗೆ ಇದು ಇನ್ನೂ ಅಗತ್ಯ. ಕೆಡಬ್ಲ್ಯುನ ಸ್ಟೇನ್‌ಲೆಸ್ ಸ್ಟೀಲ್ ಮೈಗೆ ಜನ ಹೆಚ್ಚು ಕೊಡುವುದು ತುಕ್ಕಿನ ಭಯಕ್ಕೇ.

ಟಕ್ ಎಂಬ ಸದ್ದು ಬಂದರೆ ಶಾಕನ್ನು ದೂರುವ ಮುನ್ನ ಮೇಲಿನ ನಟ್, ಲಿಂಕ್ ರಾಡ್, ಲಾಕ್ ರಿಂಗ್ ಈ ಕ್ರಮದಲ್ಲಿ ನೋಡಿ. ಗಾಡಿ ಇಳಿದ ಮೇಲೆ ಹಳೆಯ ಲಿಂಕ್ ರಾಡ್ ಉದ್ದವಾಗಿ ಆ್ಯಂಟಿರೋಲ್ ಬಾರನ್ನು ಡ್ರೈವ್ ಶಾಫ್ಟಿಗೆ ತಾಗಿಸುವುದುಂಟು, ಚಿಕ್ಕದು ಹಾಕಬೇಕಾಗುತ್ತದೆ. ಸ್ಟೇರಿಂಗ್ ತಿರುಗಿಸುವಾಗ ಠಣ್ ಎಂದರೆ ಸ್ಪ್ರಿಂಗ್ ತಟ್ಟೆಯ ಮೇಲೆ ಜಾರುತ್ತಿದೆ, ಮೇಲಿನ ಬೇರಿಂಗ್ ತಿರುಗುತ್ತಿಲ್ಲ.

ಕಡ್ಡಿಯ ಮೇಲೆ ತೆಳ್ಳಗೆ ಎಣ್ಣೆ ಪಸೆ ಇರುವುದು ಸಹಜ. ಮೈಯೆಲ್ಲ ಒದ್ದೆಯಾಗಿ ಧೂಳು ಅಂಟಿದ್ದರೆ ಸೀಲ್ ಹೋಗಿದೆ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಕಡ್ಡಿಗೆ ಹಾರ್ಡ್ ಕ್ರೋಮ್, ಅಳತೆಯ ಸೀಲ್, ಎರಡೂ ಅಲ್ಲಿ ಆಗುವ ಕೆಲಸ. ಆದರೆ ಶಾಕಿನ ನಡತೆ ಪಿಸ್ಟನ್ನಿನ ಮೇಲೆ ಜೋಡಿಸಿದ ತೆಳು ಬಿಲ್ಲೆಗಳಾದ ಶಿಮ್‌ಗಳಲ್ಲಿದೆ. ಅವುಗಳ ಕ್ರಮ, ದಪ್ಪ ಬರೆದಿಟ್ಟುಕೊಂಡೇ ಬಿಚ್ಚಬೇಕು, ಕಂಪನಿ ಹೇಳಿದ ಎಣ್ಣೆಯನ್ನೇ ಹಾಕಬೇಕು, ಗಾಳಿಯ ಬದಲು ನೈಟ್ರೋಜನ್ನನ್ನೇ ಹೇಳಿದ ಒತ್ತಡಕ್ಕೆ ತುಂಬಬೇಕು. ಎಡ-ಬಲ ಜೋಡಿಯಾಗಿ ಮಾಡಿಸಿ. ಒಂದನ್ನೇ ಹೊಸದು ಮಾಡಿದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ.